ಪೂಜೆಗಿಟ್ಟ ಸುತ್ತಿಗೆ

ಲಿಫ್ಟ್ ಎಂದರೆ ನನಗೆ ಈಗಲೂ ಭಯ. ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ಅಮ್ಮನೂ ಮಲ್ಲೇಶ್ವರದ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೆವು. ಅಮ್ಮನಿಗೆ ಉಬ್ಬಸ, ಮೆಟ್ಟಿಲು ಹತ್ತುವಂತಿರಲಿಲ್ಲ. ಲಿಫ್ಟ್ ಸರಿಮಾಡಿಸಿ ಎಂದು ಮೇಂಟೆನೆನ್ಸ್ ಕಂಪನಿಗೆ ಹೇಳಿ ಹೇಳಿ ಫ್ಲ್ಯಾಟುಗಳ ಮಾಲೀಕರಿಗೆಲ್ಲ ಸಾಕಾಗಿತ್ತು. ಬಳೇಪೇಟೆಯ ಕಂಪನಿ ಆಫೀಸಿಗೆ ಹೋದರೆ ಕಾಫಿ ತರಿಸುತ್ತಿದ್ದರು, ಮೆಕ್ಯಾನಿಕ್‌ನನ್ನು ಮಾತ್ರ ಕಳಿಸುತ್ತಿರಲಿಲ್ಲ. ಲಿಫ್ಟ್ ನಡುವೆ ನಿಂತರೆ ಟೆರೇಸಿನ ಮೆಷಿನ್ ರೂಮಿನಲ್ಲಿ ಚಕ್ರ ತಿರುಗಿಸಿ ಕೈಯಲ್ಲೇ ಇಳಿಸಬೇಕು. ಅದು ನಮಗೆಲ್ಲ ಕರತಲಾಮಲಕ, ಅಷ್ಟು ಸಲ ಕೆಟ್ಟು ನಿಂತಿತ್ತು. ನಾವು ಜೋರು ಮಾಡಿದ್ದಕ್ಕೆ ಕಂಪನಿಯವರು ಆ ರೂಮಿಗೇ ಬೀಗ ಜಡಿದು ಕೀ ಒಯ್ದರು.

ಆಯುಧಪೂಜೆಯ ಸಂಜೆ ಅಮ್ಮ ಕೆಳಗೆ ಸ್ಕೂಟರುಗಳ ಪೂಜೆ ನೋಡಿ, ಒಬ್ಬಳೇ ಲಿಫ್ಟ್ ಹತ್ತಿದಳು. ಎರಡನೇ ಮಹಡಿ ದಾಟುತ್ತಲೇ ಅದು ನಿಂತಿತು. ಆ ಮಹಡಿಯ ಹೊರಬಾಗಿಲಿನ ಪುಟ್ಟ ಗಾಜಿನಲ್ಲಿ ಅವಳ ಪಾದ ಮಾತ್ರ ಕಾಣುತ್ತಿತ್ತು. ಉಬ್ಬಸದ ಪಂಪ್ ನನ್ನ ಕೈಲಿತ್ತು, ಒಳಗೆ ತೂರಿಸಲು ಒಂದು ಸಂದಿಯೂ ಇರಲಿಲ್ಲ. ಕಂಪನಿಗೆ ಫೋನ್ ಮಾಡಿದೆ. ಪೂಜೆ ಮುಗಿಸಿ ಬಾಗಿಲು ಹಾಕಿಕೊಂಡು ಹೋಗಿದ್ದರೇನೋ, ಫೋನ್ ಸುಮ್ಮನೆ ಹೊಡೆದುಕೊಂಡಿತು.

ಬೀಗ ಒಡೆಯಬೇಕು. ಆದರೆ ಇಡೀ ಕಟ್ಟಡದ ಸುತ್ತಿಗೆ, ಸ್ಪ್ಯಾನರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿದ್ದವು. ಪೂಜೆಗಿಟ್ಟದ್ದನ್ನು ಮಾರನೇ ದಿನದವರೆಗೆ ಮುಟ್ಟುವಂತಿಲ್ಲ. ಪಕ್ಕದ ಮನೆಯ ಅಂಕಲ್, ಫ್ಯಾಕ್ಟರಿಯಲ್ಲಿದ್ದು ರಿಟೈರ್ ಆದವರು, ಸುತ್ತಿಗೆ ಕೇಳಿದರೆ ತಮ್ಮ ದೇವರ ಮನೆಯ ಹೊಸಿಲಲ್ಲೇ ನಿಂತುಬಿಟ್ಟರು. ಇನ್ನೊಂದು ಸಲ ಫೋನ್ ಮಾಡಿ ನೋಡೋಣ ಎಂದರು. ಕೆಟ್ಟವರಲ್ಲ, ಹೆದರಿದ್ದರು. ನಾನೂ ಹೆದರಿದ್ದೆ. ಕೆಳಗೆ ಓಡಿ, ಅಂಕಲ್ ಮನೆಯ ಸುತ್ತಿಗೆ ತಂದು ಬೀಗ ಒಡೀತೀನಿ ಎಂದು ಗಾಜಿಗೆ ಬಾಯಿಟ್ಟು ಕೂಗಿದೆ.

"ಪೂಜೆಗಿಟ್ಟಿದ್ದು ಮುಟ್ಬೇಡ ಕಣೇ," ಅಮ್ಮನ ದನಿ ಸೀಳಿಕೊಂಡು ಬಂತು. "ಇರ್ತೀನಿ ನಾನು."

ಆಮೇಲೆ ಬರೀ ಗೊರಗೊರ ಉಸಿರು. ಆಮೇಲೆ ಅದೂ ಕೇಳಿಸಲಿಲ್ಲ. ಮತ್ತೆ ಮೇಲೆ ಓಡಿ, ಅಂಕಲ್ಲನ್ನು ದಾಟಿ ಒಳಗೆ ನುಗ್ಗಿ, ಸುತ್ತಿಗೆ ಎತ್ತಿಕೊಂಡು ಟೆರೇಸಿಗೆ ಓಡಿದೆ. ಅವರೂ ಹಿಂದೆಯೇ ಓಡಿ ಬಂದರು. ನಾನು ಬೀಗ ಒಡೆದೆ, ಅವರು ಚಕ್ರ ತಿರುಗಿಸಿದರು. ಎರಡನೇ ಮಹಡಿಯಲ್ಲಿ ಬಾಗಿಲು ತೆಗೆದಾಗ ಅಮ್ಮ ಗೋಡೆಗೊರಗಿ ಕೂತಿದ್ದಳು, ತುಟಿ ನೀಲಿಯಾಗಿತ್ತು. ಪಂಪ್ ಬಾಯಿಗಿಟ್ಟ ಎಷ್ಟೋ ಹೊತ್ತಿನ ಮೇಲೆ ನನ್ನನ್ನು ಗುರುತಿಸಿದಳು.

ಹಬ್ಬ ಮುಗಿದ ಮೇಲೆ ಕಂಪನಿಯವರು ಬಂದರು. ಲಿಫ್ಟಿನ ಕಡೆ ತಿರುಗಿಯೂ ನೋಡದೆ, ಬೀಗ ಒಡೆದವರು ಯಾರು, ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ ಎಂದು ನಮ್ಮ ಬಾಗಿಲಲ್ಲಿ ನಿಂತು ಗದರಿದರು. ಸೇರಿದ್ದ ಮಾಲೀಕರೆಲ್ಲ ನೆಲ ನೋಡಿದರು. ಅಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಬಂದು, ನನ್ನ ಭುಜಕ್ಕೆ ಆತುಕೊಂಡು ನಿಂತಳು.

"ಒಳಗಿದ್ದೋಳು ನಾನು. ನನಗೋಸ್ಕರನೇ ಒಡ್ದಿದ್ದು, ನನ್ನನ್ನೇ ಸ್ಟೇಷನ್‌ಗೆ ಕರ್ಕೊಂಡ್ಹೋಗಿ. ಮೆಟ್ಟಿಲಿಳಿಯಕ್ಕೆ ಆಗಲ್ಲ, ಲಿಫ್ಟ್ ಹತ್ತಕ್ಕೆ ಭಯ. ನೀವೇ ಎತ್ಕೊಂಡು ಇಳೀಬೇಕು."

ಬಂದವರು ಕಂಪ್ಲೇಂಟಿನ ಮಾತು ಬಿಟ್ಟು ಮೆಟ್ಟಿಲಿಳಿದು ಹೋದರು. ಅವರು ಕಣ್ಮರೆಯಾಗುವವರೆಗೂ ಅಮ್ಮ ನನ್ನ ಭುಜ ಬಿಡಲಿಲ್ಲ.