‘ನಾನು’ ಎನ್ನಲು ಕಲಿಸಿದ ಮೇಷ್ಟ್ರು

ಮಣಿ ಮೇಷ್ಟ್ರ ತರಗತಿಯಲ್ಲಿ ಬಾಯಾರಿದರೂ ವ್ಯಾಕರಣ ತಪ್ಪುವಂತಿರಲಿಲ್ಲ. ‘ಸಾರ್, ನೀರು ಕುಡಿದು ಬರ್ತೇನೆ’ ಎಂದು ಎದ್ದು ನಿಂತರೆ ಕನ್ನಡಕದ ಮೇಲಿಂದ ನೋಡಿ ‘ಯಾರು?’ ಎನ್ನುತ್ತಿದ್ದರು. ಎದುರಿಗೇ ನಿಂತಿದ್ದೇನೆ, ಇನ್ಯಾರು ಕುಡಿಯುತ್ತಾರೆ? ಆದರೂ ‘ನಾನು ನೀರು ಕುಡಿದು ಬರ್ತೇನೆ’ ಎನ್ನುವ ತನಕ ಬಿಡುತ್ತಿರಲಿಲ್ಲ. ಕನ್ನಡದಲ್ಲಿ ಆ ‘ನಾನು’ ಇಲ್ಲದೆಯೂ ವಾಕ್ಯ ನಡೆಯುತ್ತದೆ, ‘ಬರ್ತೇನೆ’ಯೊಳಗೇ ಅದು ಅಡಗಿ ಕೂತಿರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ‘ಅಡಗಿ ಕೂತದ್ದು ಸಾಕು, ಹೊರಗೆ ಬರ್ಲಿ’ ಎನ್ನುತ್ತಿದ್ದರು. ಈ ರಗಳೆಯೇ ಬೇಡ ಎಂದು ನಮ್ಮಲ್ಲಿ ಕೆಲವರು ಗಂಟೆ ಹೊಡೆಯುವ ತನಕ ಬಾಯಾರಿಕೊಂಡೇ ಇರುತ್ತಿದ್ದೆವು.

ಪೊನ್ನಂಪೇಟೆಯ ಆಚೆ, ಕಾಫಿ ತೋಟಗಳ ನಡುವೆ ನಮ್ಮ ಆಶ್ರಮ ಶಾಲೆ. ಅಲ್ಲಿ ಓದುತ್ತಿದ್ದವರೆಲ್ಲ ಎಸ್ಟೇಟುಗಳ ಲೈನುಮನೆಗಳಿಂದ, ಎಂದರೆ ಕೂಲಿಯವರ ಸಾಲುಮನೆಗಳಿಂದ, ಬಂದ ಮಕ್ಕಳು. ನಾವು ನಮ್ಮನ್ನು ರಾವುಳರು ಎಂದು ಕರೆದುಕೊಳ್ಳುತ್ತೇವೆ. ಊರಿನವರು ಕರೆಯುವುದು ಎರವರು ಎಂದು. ಮೇಷ್ಟ್ರೂ ನಮ್ಮವರೇ. ಈಗ ನನ್ನ ಅಪ್ಪ ಅಮ್ಮ ಇರುವ ಲೈನಿನಲ್ಲೇ ಹುಟ್ಟಿದವರು. ಅವರ ಅಪ್ಪ, ಅಜ್ಜ ಎಲ್ಲ ತೋಟದ ಒಡೆಯರಾದ ಸಾವ್ಕಾರ್ರ ಮನೆತನಕ್ಕೆ ದುಡಿದು ಅದೇ ತೋಟದ ಅಂಚಿನಲ್ಲಿ ಮಣ್ಣಾದವರು. ಓದಿ ಮೇಷ್ಟ್ರಾಗಿ ಹೊರಗೆ ಬಾಡಿಗೆ ಮನೆ ಮಾಡಿದ ಮೇಲೂ ಭಾನುವಾರ ಲೈನಿಗೆ ಬಂದು ನಮ್ಮ ಪಾಠ ನೋಡುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಎಂಥ ಮಳೆಗಾಲದಲ್ಲೂ ಬೂಟು. ಆ ಬೂಟಿನ ಬಗ್ಗೆ ಲೈನಿನ ಹೆಂಗಸರು ಎಷ್ಟು ನಗುತ್ತಿದ್ದರೋ ಅಷ್ಟೇ ಹೆಮ್ಮೆಯನ್ನೂ ಪಡುತ್ತಿದ್ದರು.

ಇಷ್ಟೆಲ್ಲ ಠೀವಿಯ ಮನುಷ್ಯ ಹಿಂದಿನಿಂದ ಜೀಪಿನ ಹಾರ್ನ್ ಕೇಳಿದರೆ ರಸ್ತೆ ಬಿಟ್ಟು ಚರಂಡಿಗೆ ಇಳಿದುಬಿಡುತ್ತಿದ್ದರು. ಬದಿಗೆ ಸರಿಯುವುದಲ್ಲ, ಇಳಿಯುವುದು. ಒಮ್ಮೆ ನನ್ನ ಜೊತೆ ನಡೆಯುತ್ತಿದ್ದಾಗಲೇ ಬೂಟು ಮುಳುಗುವಷ್ಟು ಕೆಸರಿಗೆ ಇಳಿದು ನಿಂತರು. ಜೀಪಿನಲ್ಲಿದ್ದದ್ದು ಯಾವ ಸಾವ್ಕಾರ್ರೂ ಅಲ್ಲ, ಗೋಣಿಕೊಪ್ಪಲಿನಿಂದ ಬಾಡಿಗೆ ಹೊಡೆಯುವ ಡ್ರೈವರ್. ನನಗೆ ನಗು ಬಂತು, ಅವರಿಗೂ ಬಂತು. ‘ಎಂತ ಮಾಡೋದು ಲೀಲಾ, ಕಾಲಿಗೆ ಮೊದ್ಲು ಗೊತ್ತಾಗ್ತದೆ, ತಲೆಗೆ ಆಮೇಲೆ’ ಎಂದು ಬೂಟನ್ನು ಹುಲ್ಲಿಗೆ ಉಜ್ಜಿದರು. ಜೀಪು ಕಣ್ಮರೆಯಾದ ಮೇಲೂ ರಸ್ತೆಗೆ ಹತ್ತದೆ ಅಂಚಿನ ಹುಲ್ಲಿನಲ್ಲೇ ನಡೆದರು. ಅದನ್ನು ನೋಡಿದ ಮೇಲೆ ನನಗೆ ನಗಲು ಆಗಲಿಲ್ಲ, ಹೆದರಿಕೆಯಾಯಿತು. ಇಷ್ಟು ಓದಿದವರಿಗೇ ಹೀಗಾದರೆ ನನ್ನ ಗತಿ ಏನು ಎಂದು.

‘ನಾನು’ ಎಂಬುದರ ಹುಚ್ಚು ಅವರಿಗೆ ಯಾಕೆ ಹಿಡಿಯಿತೆಂದು ಆವತ್ತು ದಾರಿಯುದ್ದಕ್ಕೂ ಹೇಳಿದರು. ‘ನನ್ನಪ್ಪ ಸಾವ್ಕಾರ್ರ ಎದುರು ಒಂದು ಸಲನೂ ನಾನು ಅಂತ ಹೇಳಿದ್ದು ಕೇಳಿಲ್ಲ. ಅಡಿಯ ಬಂದಿದೆ, ಅಡಿಯನಿಗೆ ಜ್ವರ ಉಂಟು, ಹಾಗೆ ಹೇಳ್ತಿದ್ದ. ಅಡಿಯ ಅಂದ್ರೆ ಕಾಲಿನ ಅಡಿಯವ. ಜಾಗದ ಜೊತೆ ನಮ್ಮನ್ನೂ ಸೇರ್ಸಿ ಮಾರ್ತಿದ್ದ ಕಾಲದ ಮಾತದು. ಮಾರೋದು ನಿಂತಿತು, ಕಾನೂನು ಬಂತು. ಆ ಮಾತು ಮಾತ್ರ ನಮ್ಮ ಬಾಯಲ್ಲೇ ಬಾಕಿ ಆಯ್ತು. ಬೇರೆಯವರು ಬೈದ್ರೆ ತಿರುಗಿ ಬೈಬಹುದು, ಕೇಸು ಹಾಕ್ಬಹುದು. ನಮ್ಮನ್ನು ನಾವೇ ಹಾಗೆ ಕರ್ಕೊಂಡ್ರೆ ಯಾರ ಮೇಲೆ ಕೇಸು ಹಾಕೋದು?’

ನಾನು ಗೋಣಿಕೊಪ್ಪಲಿನಲ್ಲಿ ಪಿಯುಸಿಗೆ ಸೇರಿದ ಮೇಲೂ ಮೇಷ್ಟ್ರು ನನ್ನನ್ನು ಬಿಡಲಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದು ತಿಳಿದದ್ದೇ ತಡ, ನನ್ನ ಹೆಸರನ್ನು ಕೊಡಿಸಿದರು. ವಿಷಯ: ‘ಜೀತ ಮುಗಿದಿದೆ, ಇನ್ನು ಅದರ ಮಾತೆತ್ತಬಾರದು.’ ನಾನು ವಿರೋಧಿಸಿ ಮಾತಾಡಬೇಕಿತ್ತು. ಭಾನುವಾರಗಳಲ್ಲಿ ಲೈನಿನ ಜಗಲಿಯೇ ವೇದಿಕೆ. ನಾನು ಒಂದು ಕಡೆ ನಿಂತರೆ ಮೇಷ್ಟ್ರು ಇನ್ನೊಂದು ಕಡೆ ನಿಂತು ನಮ್ಮ ವಿರುದ್ಧವೇ ಎಷ್ಟು ಚೆನ್ನಾಗಿ ವಾದಿಸುತ್ತಿದ್ದರೆಂದರೆ, ಕೇಳುತ್ತಾ ಕೂತ ಅಮ್ಮ ‘ಮಣಿ ಹೇಳೋದೇ ಸರಿ ಅಲ್ವಾ’ ಎಂದು ಅವರ ಪಕ್ಷ ಸೇರಿಬಿಡುತ್ತಿದ್ದಳು.

‘ಜೀತ ಮುಗೀಬೇಕಾದ್ರೆ ಮೊದ್ಲು ಎರವ ಅಂತ ಕರೆಯೋದನ್ನೇ ನಿಲ್ಲಿಸ್ಬೇಕು’ ಎಂದು ನಾನು ಜೋರಾಗಿ ಶುರು ಮಾಡಿದೆ.

‘ನಿಲ್ಸಿದ್ರೆ ನಿನ್ನ ಜಾತಿ ಸರ್ಟಿಫಿಕೇಟಿನಲ್ಲಿ ಎಂತ ಬರೆಯೋದು? ತಾಲ್ಲೂಕು ಆಫೀಸಿನವರು ಅದೇ ಪದಕ್ಕೆ ಸೀಲು ಹೊಡೆದು ಕೊಟ್ಟದ್ದಕ್ಕೆ ತಾನೇ ನಿಂಗೆ ಸ್ಕಾಲರ್‌ಶಿಪ್ ಬಂದದ್ದು?’

‘ಆಫೀಸಿನವರು ಬರೀತಾರೆ, ಬೈಯೋದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂಗ್ತಾರಲ್ಲ, ಅದು ಬೇರೆ.’

‘ಹಾಗಾದ್ರೆ ತಪ್ಪು ಪದದ್ದಲ್ಲ, ಗಂಟಲಿನದ್ದು. ಗಂಟಲನ್ನು ಹೇಗೆ ನಿಷೇಧ ಮಾಡ್ತಿ?’

ಮೇಷ್ಟ್ರು ಗೆದ್ದವರಂತೆ ಮೀಸೆ ತಿರುವಿ, ಅಮ್ಮ ಕೊಟ್ಟ ಬೆಲ್ಲದ ಕಾಫಿ ಕುಡಿದು, ಮುಂದಿನ ಭಾನುವಾರಕ್ಕೆ ಉತ್ತರ ಹುಡುಕಿಡು ಎಂದು ಹೊರಟರು.

ಸ್ಪರ್ಧೆಗೆ ಇನ್ನೇನು ಎರಡು ದಿನ ಎನ್ನುವಾಗ ಅಪ್ಪ ತೋಟದಿಂದ ಮುಖ ಸಣ್ಣದು ಮಾಡಿಕೊಂಡು ಬಂದರು. ಮುಖ್ಯ ಅತಿಥಿ ನಮ್ಮ ಸಾವ್ಕಾರ್ರೇ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದ್ದ. ‘ಅವರ ಎದುರು ಜೀತಗೀತ ಅಂತೆಲ್ಲ ಮಾತಾಡ್ತಿಯಾ? ಲೈನು ಬಿಡಿ ಅಂದ್ರೆ ಎಲ್ಲಿಗೆ ಹೋಗೋದು? ನಮ್ಗೆ ಹೊರಗೆ ಒಂದು ಸೆಂಟ್ ಜಾಗ ಉಂಟಾ?’ ಎಂದರು. ಅಪ್ಪ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮನೆ ಅವರದ್ದು, ನೀರು ಅವರದ್ದು, ಒಲೆಗೆ ತರುವ ಸೌದೆಯೂ ಅವರ ತೋಟದ್ದು. ಮೇಷ್ಟ್ರ ಬಳಿ ಹೋಗಿ, ನಾನು ಬರುವುದಿಲ್ಲ, ಹೆದರಿಕೆಯಾಗುತ್ತದೆ ಎಂದೆ.

‘ಆಗ್ಲಿ. ನಂಗೂ ಆಗ್ತದೆ. ಹೆದ್ರಿಕೊಂಡೇ ಮಾತಾಡು. ಹೆದ್ರಿಕೆ ಹೋದ್ಮೇಲೆ ಮಾತಾಡುವ ಅಂತ ಕೂತ್ರೆ ನಮ್ಮಲ್ಲಿ ಯಾರೂ ಬಾಯಿ ಬಿಡ್ಲಿಕ್ಕಿಲ್ಲ’ ಎಂದರು.

ವೇದಿಕೆ ಹತ್ತಿ ಮೈಕ್ ಹಿಡಿದೆ. ಸಾವ್ಕಾರ್ರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ನನ್ನತ್ತ ನಗುತ್ತಿದ್ದರು. ಅವರು ಗದರುವ ಮನುಷ್ಯರೇ ಅಲ್ಲ. ಹಬ್ಬಕ್ಕೆ ಬಟ್ಟೆ ಕೊಡಿಸುವವರು, ಅಮ್ಮನಿಗೆ ಹುಷಾರಿಲ್ಲದಾಗ ಜೀಪು ಕಳಿಸಿದವರು. ಅವರು ಗದರುವವರಾಗಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಹೇಗೋ ಎರಡು ಮಾತು ಆಡಿದೆ. ಜೀತ ಮುಗಿದಿಲ್ಲ, ಮಾತಿನಲ್ಲಿ ಇನ್ನೂ ಇದೆ ಎಂದೆ. ಅಷ್ಟರಲ್ಲಿ ಅವರು ಕೂತಲ್ಲಿಂದಲೇ ಕೈ ಎತ್ತಿದರು. ‘ಅಲ್ಲಮ್ಮ, ಈಗ ಯಾರು ಯಾರನ್ನು ಹಾಗೆ ಕರೀತಾರೆ? ನಾವೆಲ್ಲ ಒಂದೇ ಮನೆಯವರ ಹಾಗೆ ಉಂಟಲ್ಲ’ ಎಂದು ಸುತ್ತ ನೋಡಿದರು. ಹಿಂದಿನ ಸಾಲಿನಲ್ಲಿ ಮೇಷ್ಟ್ರು ಕಂಡರು. ಸಾವ್ಕಾರ್ರ ಮುಖ ಅರಳಿತು. ‘ಓ, ನಮ್ಮ ಮಣಿ ಇದ್ದಾನಲ್ಲ. ಏಯ್ ಮಣಿ, ನೀನೇ ಹೇಳು ಮಾರಾಯ.’

ಮೇಷ್ಟ್ರು ಎದ್ದು ನಿಂತರು. ಬಾಯಿ ತೆರೆದರು.

‘ಅಡಿಯ...’

ಅಷ್ಟೇ ಬಂದದ್ದು. ಸಭೆಯಲ್ಲಿ ಹೆಚ್ಚಿನವರಿಗೆ ಅದೊಂದು ಪದ ಎಂದೇ ತಿಳಿಯಲಿಲ್ಲ, ಗಂಟಲು ಸರಿಮಾಡಿಕೊಂಡರು ಎಂದುಕೊಂಡಿರಬೇಕು. ತಿಳಿದದ್ದು ಮೂವರಿಗೆ ಮಾತ್ರ: ಅವರಿಗೆ, ಸಾವ್ಕಾರ್ರಿಗೆ, ನನಗೆ. ಮೇಷ್ಟ್ರು ತಮ್ಮ ಬಾಯಿಯಿಂದ ಬಿದ್ದ ಮಾತನ್ನು ತಾವೇ ನಂಬಲಾಗದೆ ಬೆಂಚು ಹಿಡಿದು ನಿಂತಿದ್ದರು. ನನ್ನ ಜೀವನದಲ್ಲಿ ಆನೆ ಅಟ್ಟಿಸಿಕೊಂಡು ಬಂದಾಗಲೂ ಅಷ್ಟು ಹೆದರಿಲ್ಲ. ಕೆಳಗೆ ಇಳಿದು ಓಡಿಬಿಡೋಣ ಎನಿಸಿತು. ಮೇಷ್ಟ್ರು ನನ್ನತ್ತ ನೋಡಿ, ನಿಧಾನವಾಗಿ, ‘ಹೇಳು’ ಎಂಬಂತೆ ತಲೆಯಾಡಿಸಿದರು. ತಮ್ಮನ್ನೇ ಉದಾಹರಣೆ ಮಾಡು ಎಂದು ಒಪ್ಪಿಗೆ ಕೊಟ್ಟರು.

ನಾನು ಹೇಳಿದೆ. ಆ ಪದದ ಅರ್ಥ ಹೇಳಿದೆ. ‘ಈಗ ಇಲ್ಲಿ ಯಾರೂ ಅವರನ್ನು ಬೈಯಲಿಲ್ಲ. ಪ್ರೀತಿಯಿಂದಲೇ ಕರೆದರು. ಆದರೂ ಆ ಮಾತು ಬಂತು. ಬೈಗುಳ ನಿಂತ ಮೇಲೂ ಬರುವ ಆ ಉತ್ತರ ನಿಲ್ಲುವ ತನಕ ಜೀತ ಮುಗಿಯಿತು ಎನ್ನಬೇಡಿ’ ಎಂದೆ. ಚಪ್ಪಾಳೆ ಬಿತ್ತು. ಸಾವ್ಕಾರ್ರೂ ತಟ್ಟಿದರು. ಬಹುಮಾನ ಯಾರಿಗೆ ಬಂತೆಂದು ನನಗೆ ನೆನಪೇ ಇಲ್ಲ.

ಮರುದಿನ ಬೆಳಿಗ್ಗೆ ರೈಟರ್ ಲೈನಿಗೆ ಬಂದು ಅಪ್ಪನನ್ನೂ ನನ್ನನ್ನೂ ಸಾವ್ಕಾರ್ರ ಬಂಗಲೆಗೆ ಬರಹೇಳಿದ. ಸುದ್ದಿ ಹೇಗೆ ಮುಟ್ಟಿತೋ, ಗೇಟಿನ ಹತ್ತಿರ ಮೇಷ್ಟ್ರು ಕಾಯುತ್ತಿದ್ದರು. ಮೂವರೂ ಹೋಗಿ ಮೆಟ್ಟಿಲ ಕೆಳಗೆ ನಿಂತೆವು. ಸಾವ್ಕಾರ್ರು ಆವತ್ತೂ ಗದರಲಿಲ್ಲ. ‘ಮಗಳನ್ನು ಓದಿಸ್ತಾ ಇದ್ದಿ, ಒಳ್ಳೇದು. ನನ್ನ ಲೈನಲ್ಲಿ ಇದ್ಕೊಂಡು ನಾಲ್ಕು ಜನರ ಎದುರು ನನ್ನ ಮುಖಕ್ಕೆ ಮಸಿ ಬಳಿಯೋದು ಸರಿಯಾ?’ ಎಂದು ಅಪ್ಪನನ್ನು ಕೇಳಿದರು.

‘ಅವಳದ್ದು ಎಂತ ಇಲ್ಲ. ಹೇಳಿಕೊಟ್ಟದ್ದು ನಾನು’ ಎಂದರು ಮೇಷ್ಟ್ರು. ಈ ಸಲ ಮಾತು ತಡವರಿಸಲಿಲ್ಲ.

ಸಾವ್ಕಾರ್ರು ಅವರನ್ನೇ ನೋಡಿದರು. ‘ಸರಿ. ಹಾಗಾದ್ರೆ ಇವರು ಇರ್ಲಿ. ನೀನು ಇನ್ನು ನನ್ನ ಗೇಟಿನ ಒಳಗೆ ಬರ್ಬೇಡ.’

‘ಅಪ್ಪ ಅಮ್ಮನ ಮಣ್ಣು ಇಲ್ಲೇ ಉಂಟು’ ಎಂದರು ಮೇಷ್ಟ್ರು. ಸಾವ್ಕಾರ್ರು ಒಳಗೆ ಹೋದರು. ನಮ್ಮ ಮನೆ ಉಳಿಯಿತು, ಮೇಷ್ಟ್ರು ಹೊರಗಾದರು.

ಆಮೇಲೆ ಭಾನುವಾರ ನಾನೇ ಅವರ ಬಾಡಿಗೆ ಮನೆಗೆ ಹೋಗುತ್ತಿದ್ದೆ. ಓದು ಮುಗಿಸಿ ನಾಪೋಕ್ಲಿನಲ್ಲಿ ಸರ್ಕಾರಿ ಹಾಸ್ಟೆಲಿನ ಕೆಲಸಕ್ಕೆ ಸೇರಿದ ಮೇಲೂ ತಿಂಗಳಿಗೊಮ್ಮೆಯಾದರೂ ಹೋಗಿ ಬರುತ್ತಿದ್ದೆ. ತಮಾಷೆ ಕಡಿಮೆಯಾಗಿರಲಿಲ್ಲ. ಆದರೆ ಆವತ್ತಿನ ಸಭೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಯ ಸಲ ನೋಡಿದಾಗ ಎದೆನೋವೆಂದು ಮಲಗಿದ್ದರು. ‘ಸತ್ರೆ ನನ್ನನ್ನು ಅಪ್ಪನ ಹತ್ತಿರ ಇಡಿ ಅಂತ ಆಸೆ ಉಂಟು. ಆದ್ರೆ ನೀವೆಲ್ಲ ಹೋಗಿ ಕೇಳ್ಬೇಕಲ್ಲ, ಅದು ಬೇಡ ಅನ್ನಿಸ್ತದೆ’ ಎಂದರು. ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು.

ಅವರು ಹೋದದ್ದು ಈ ವರ್ಷದ ಕಾಫಿ ಪಿಕಿಂಗ್ ಸಮಯದಲ್ಲಿ. ಕೇಳುವುದು ಬೇಡ ಎಂದಿದ್ದರೂ ನಾವು ಹೆಣ ಹೊತ್ತು ಅದೇ ಗೇಟಿಗೆ ಹೋದೆವು. ವಾಚ್‌ಮನ್ ಸರಪಳಿ ಹಿಡಿದು ನಿಂತ. ‘ಬಂಗ್ಲೆಗೆ ಫೋನ್ ಮಾಡ್ತೇನೆ, ನಿಲ್ಲಿ’ ಎಂದ. ಆ ಕಡೆ ಯಾರೂ ಎತ್ತಲಿಲ್ಲ. ಬಿಸಿಲು ಏರಿತು. ಹೊತ್ತವರು ಹೆಗಲು ಬದಲಿಸಿದರು. ನಾನು ಸರ್ಕಾರಿ ಕೆಲಸದವಳು, ಮಾತು ಬಲ್ಲವಳು, ಏನಾದರೂ ಹೇಳಲಿ ಎಂದು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಗೇಟಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ನಾನು ಮಾತಾಡಿದರೆ ಅಪ್ಪ ಅಮ್ಮನ ಮನೆ ಹೋಗುತ್ತದೆ ಎಂಬುದೊಂದೇ ತಲೆಯಲ್ಲಿ.

ಗುಂಪಿನಿಂದ ಅಪ್ಪ ಮುಂದೆ ಬಂದರು. ವಾಚ್‌ಮನ್ ಕೈಯಿಂದ ಸರಪಳಿ ಬಿಡಿಸಿ ಗೇಟು ತಳ್ಳಿದರು.

‘ಯಾರು ತೆಗ್ದದ್ದು ಅಂತ ಕೇಳಿದ್ರೆ ಎಂತ ಹೇಳ್ಲಿ?’ ಎಂದ ಅವನು.

‘ಲೈನಿನ ಬೋಳ ತೆಗ್ದ ಅಂತ ಹೇಳು’ ಎಂದು ಅಪ್ಪ ತಮ್ಮ ಹೆಸರನ್ನೇ ಹೇಳಿದರು.

ಮೇಷ್ಟ್ರನ್ನು ಅವರ ಅಪ್ಪನ ಪಕ್ಕದಲ್ಲಿ ಇಟ್ಟೆವು. ತಿರುಗಿ ಲೈನಿಗೆ ಬಂದಾಗ ನೋಡುತ್ತೇನೆ, ಬಾಗಿಲ ಹಿಂದೆ ಒಂದು ಗೋಣಿಚೀಲ. ಪಾತ್ರೆ, ಬಟ್ಟೆ, ಅಮ್ಮನ ಮಾತ್ರೆ, ಎಲ್ಲ ತುಂಬಿ ಬಾಯಿ ಕಟ್ಟಿತ್ತು. ಬೆಳಿಗ್ಗೆ ಹೊರಡುವ ಮೊದಲೇ ಅಪ್ಪ ಕಟ್ಟಿಟ್ಟು ಬಂದಿದ್ದರು. ಇದುವರೆಗೆ ಬಂಗಲೆಯಿಂದ ಯಾರೂ ಬಂದಿಲ್ಲ, ಏನೂ ಹೇಳಿಲ್ಲ. ಲೈನಿಗೆ ಹೋದಾಗಲೆಲ್ಲ, ಬಿಚ್ಚಲೇ ಎಂದು ಅಪ್ಪನನ್ನು ಕೇಳುತ್ತೇನೆ. ‘ಇರ್ಲಿ’ ಎನ್ನುತ್ತಾರೆ. ಅನ್ನ ಮಾಡುವ ಪಾತ್ರೆಯೊಂದನ್ನು ಅಮ್ಮ ದಿನಾ ಅದರಿಂದ ತೆಗೆದು, ತೊಳೆದು, ಮತ್ತೆ ಒಳಗೆ ಇಡುತ್ತಾಳೆ.