ಕುರಿಹೆಜ್ಜೆಯಲ್ಲಿ ನಿಂತ ನೀರು

ಮಹಾಶಯರಾದ ವಾಚಕರೇ, ವೀರರ ಖಡ್ಗಪ್ರಹಾರವನ್ನು ನಿರೀಕ್ಷಿಸಿ ಈ ಪುಟವನ್ನು ತೆರೆದಿದ್ದಲ್ಲಿ ಮನ್ನಿಸಬೇಕು. ಈ ವೃತ್ತಾಂತದ ನಾಯಕನು ನಸುಕಿನಲ್ಲಿ, ಭಾತಂಬ್ರಾ ಊರಿನ ಹೊರಗಿನ ಬರಿದಾದ ಹೊಂಡದೊಳಗೆ ಮಂಡಿಯೂರಿ, ಒಂದು ಕುರಿಹೆಜ್ಜೆಯನ್ನು ದಿಟ್ಟಿಸುತ್ತಿದ್ದಾನೆ.

ಆತನ ಹೆಸರು ಹಾವಗೆಪ್ಪ. ನಿನ್ನೆ ಸಂಜೆ ಆ ಹೆಜ್ಜೆಯ ಗುಳಿಗೆ ನೀರು ಸುರಿದಿದ್ದ. ಈಗ ಅದು ಬರಿದಾಗಿದೆ. "ನೆಲ ಕುಡದದರಿ," ಎಂದು, ಆತನ ಕೆಲಸವನ್ನು ಬರೆದುಕೊಳ್ಳಲು ಬಂದ ನನಗೆ ಹೇಳುತ್ತಾನೆ. "ಹೆಜ್ಜಿ ನೀರು ಹಿಡೀಲಿಲ್ಲಂದ್ರ ಹೊಂಡಾನೂ ಹಿಡ್ಯಂಗಿಲ್ಲ."

ಎಷ್ಟು ಮಳೆ ಸುರಿದರೂ ಇಲ್ಲಿಯ ಕೆಂಪು ಮುರಮು ಮಣ್ಣಿನ ದಾಹ ತೀರದು. ಆದಕಾರಣ ಬೇಸಿಗೆಯ ಕೊನೆಗೆ ಹೊಂಡದ ತಳಕ್ಕೆ ಕರಿಮಣ್ಣು ಹರಡಿ, ನೆನೆಸಿ, ಅದರ ಮೇಲೆ ಮಂದೆಯನ್ನು ಸುತ್ತಿಸುವುದು ಹಾವಗೆಪ್ಪನ ಮನೆತನದ ಕಾಯಕ. ಗೊರಸುಗಳು ತುಳಿದಷ್ಟೂ ಮಣ್ಣು ಬಿಗಿಯುತ್ತದೆ. ಔರಾದಿನ ಕಡೆಗೆ ಸಾಗುವ ಮಂದೆಗಳೆಲ್ಲ ಈ ಹೊಂಡವನ್ನೇ ನಂಬಿವೆ.

"ಕುರಿ ಕಾಯೋದು ಎಲ್ಲಾರಿಗೂ ಬರ್ತದರಿ. ನಮ್ಮ ಮನ್ಯಾಂವ ಕೆಸರು ಕಾಯ್ತಾನ," ಎಂದು ಪತ್ನಿ ರುಕ್ಮಿಣಿಬಾಯಿ ರೊಟ್ಟಿಯ ಗಂಟು ಬಿಚ್ಚುತ್ತಾ ನಗುತ್ತಾಳೆ.

ಈ ಸಲದ ಚಿಂತೆ ಬೇರೆ. ಮಂದೆಯಲ್ಲಿ ಅರ್ಧ ನೆರೆಮನೆಯ ಕುಬರಾಳದು. ಕಳೆದ ಭಾದ್ರಪದದಲ್ಲಿ, ಸಂಸ್ಥಾನಕ್ಕೆ ಸೇನೆ ನುಗ್ಗಿದ ಪೊಲೀಸ್ ಕಾರ್ಯಾಚರಣೆಯ ಗಲಭೆಯ ದಿನಗಳಲ್ಲಿ, ಆಕೆ ಮಕ್ಕಳೊಂದಿಗೆ ಬೀದರಿನ ತವರು ಸೇರುವಾಗ ತನ್ನ ಕುರಿಗಳನ್ನು ಈತನಿಗೊಪ್ಪಿಸಿದ್ದಳು. ಇಂದು ಒಯ್ಯಲು ಬಂದಿದ್ದಾಳೆ. ಅವು ಹೋದರೆ, ಉಳಿದವುಗಳ ತುಳಿತಕ್ಕೆ ಮಳೆಗೆ ಮುನ್ನ ತಳ ಬಿಗಿಯದು. ಹಾವಗೆಪ್ಪ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಿವಿಯ ಗುರುತು ನೋಡಿ ಒಂದೊಂದನ್ನೇ ಬೇರ್ಪಡಿಸುತ್ತಾನೆ.

"ನೋಡ್ಕೋ ತಂಗಿ. ಈ ಮರಿಗೋಳು ಇಲ್ಲೇ ಹುಟ್ಟ್ಯಾವ. ಅವೂ ನಿನ್ನವೇ."

ಕುಬರಾಳ ನೋಟ ಬರಿದಾದ ಹೆಜ್ಜೆಯ ಮೇಲೆ ನಿಲ್ಲುತ್ತದೆ. ಇದೇ ಹೊಂಡದ ನೀರು ಕುಡಿಸಿ ಕುರಿ ಸಾಕಿದವಳು ಆಕೆ. "ಅಣ್ಣಾ, ಬಾಯಿ ಇಲ್ಲೇನು ನಿನಗ? ತುಳೀಲಾಕ ಕುರಿ ಕಮ್ಮಿ ಬೀಳ್ತಾವಂತ ಹೇಳಬಾರದೇನು?"

"ನಂಬಿ ಇಟ್ಟ ನಿನ್ನ ಅಮಾನತ್ ನೀ ಒಯ್ಲಾಕ ಬಂದಿ. ನಾ ಹ್ಯಾಂಗ ತಡೀಲಿ?"

"ಮೊದಲ ತುಳೀಲಿ, ಆಮ್ಯಾಲ ಒಯ್ತೀನಿ. ಬೀದರಕ್ಕ ಹೋಗಿ ನಾ ಯಾವ ತಖ್ತ ಏರೋದದ?"

ಸೆರಗು ಸಿಕ್ಕಿಸಿ ಆಕೆ ಹೊಂಡಕ್ಕಿಳಿದು ಕೂಗುತ್ತಾಳೆ. ಹಳೆಯ ಧ್ವನಿಗೆ ಮುಂದಾಳು ಕುರಿ ಕಿವಿ ನಿಮಿರಿಸುತ್ತದೆ. ಬೇರ್ಪಟ್ಟ ಮಂದೆ ಮತ್ತೆ ಒಂದಾಗುತ್ತದೆ.

ಕೆಲ ದಿನಗಳ ನಂತರದ ಇನ್ನೊಂದು ಬೆಳಗು. ಹಾವಗೆಪ್ಪ ಮತ್ತೆ ಮಂಡಿಯೂರಿದ್ದಾನೆ. ಹೆಜ್ಜೆಯೊಳಗೆ ನಿನ್ನೆಯ ನೀರು ಹಾಗೆಯೇ ಇದೆ; ಇರುವೆಯೊಂದು ಅದರಲ್ಲಿ ದಡ ಹುಡುಕುತ್ತಿದೆ. ದೂರದಲ್ಲಿ ಕುಬರಾಳ ಮಂದೆ ಬೀದರಿನ ದಾರಿ ಹಿಡಿದಿದೆ.

ಏನೆಂದು ಬರೆಯಲಿ ಎಂದು ಕೇಳುತ್ತೇನೆ. ಆತ ಆ ಮಂದೆ ಎಬ್ಬಿಸಿದ ಧೂಳಿನತ್ತ ನೋಡುತ್ತಾ ಹೇಳುತ್ತಾನೆ: "ನನ್ನ ಹೆಸರೊಂದೇ ಬರೀಬ್ಯಾಡ್ರಿ. ಆಕಿ ಕುರೀನೂ ತುಳದಾವ. ಬರೋ ವರ್ಷ ತುಳಸಲಾಕ ಬಾ ಅಂದೀನಿ. ಬಂದ್ರ ಸಾಕು."

ಕಂಬಳಿ ಸುತ್ತಿ ಹೆಗಲಿಗೇರಿಸುತ್ತೇನೆ. ಔರಾದಿಗೆ ಹೊಂಡದ ನಡುವಿನಿಂದ ದಾರಿ ಹತ್ತಿರ. ನೀರು ನಿಂತ ಆ ಹೆಜ್ಜೆಗಳನ್ನು ತುಳಿಯದೆ ನಾನು ದಂಡೆಯ ಸುತ್ತ ನಡೆಯುತ್ತೇನೆ.