ಯೂನಿವರ್ಸಿಟಿ ವಿಚಾರಿಸಲು ಹೋದೆ

ಮೊನ್ನೆ ಶುಕ್ರವಾರ ಮಧ್ಯಾಹ್ನ ಒಂದು ಖಾಸಗಿ ಯೂನಿವರ್ಸಿಟಿಯ ಗೇಟಿನ ಎದುರಿರುವ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಒಳಗೆ ಪಾಠ ಮಾಡುವ ಮೇಷ್ಟ್ರೊಬ್ಬರು ಕುಡಿಯುತ್ತಾರಾ ಎಂದು ಕೇಳಿದೆ.

(ಈ ವಯಸ್ಸಿನಲ್ಲಿ ನಿನಗೆ ಯಾಕೆ ಬೇಕಿತ್ತು ಎಂದು ಕೇಳಬೇಡಿ. ಹೇಳುತ್ತೇನೆ.)

ಚೇಳೂರಿನಲ್ಲಿರುವ ನನ್ನ ತಂಗಿ ಪದ್ಮಳ ಮಗಳು ಯಶು. ಗುಬ್ಬಿಗೆ ಬಸ್ಸಿನಲ್ಲಿ ಓಡಾಡಿಕೊಂಡೇ ಬಿ.ಎ. ಮುಗಿಸಿದಳು. ಮುಂದೆ ಏನು ಎಂದಾಗ, ಕಮ್ಯುನಿಕೇಶನ್‌ನಲ್ಲಿ ಎಂ.ಎ. ಮಾಡುತ್ತೇನೆ ಎಂದಳು. ಅವಳಪ್ಪ ರೇಣುಕಪ್ಪನಿಗೆ ಆ ಪದವೇ ಹಿಡಿಸಲಿಲ್ಲ. ಮಾತಾಡೋದನ್ನ ಎರಡು ವರ್ಷ ಕಲಿಯಬೇಕಾ, ಹುಟ್ಟಿದಾಗಿಂದ ಅದನ್ನೇ ತಾನೆ ಮಾಡ್ತಿರೋದು ಎಂದರಂತೆ. ಅವರ ಪ್ರಕಾರ ಹೆಣ್ಣುಮಗಳಿಗೆ ಬಿ.ಎಡ್. ಕ್ಷೇಮ. ಗುಬ್ಬಿಯಲ್ಲಿ ಸೀಟೂ ಸಿಗುತ್ತಿತ್ತು.

ರೇಣುಕಪ್ಪ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ತೆಂಗಿನ ತೋಟ ನೋಡಿಕೊಂಡು, ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ಕೆಲಸಕ್ಕೂ ಹೋಗುತ್ತಾರೆ. ಒಂದು ಬೋಲ್ಟ್ ಒಳಗೆ ಬರಬೇಕಾದರೂ ಟೆಸ್ಟ್ ಸರ್ಟಿಫಿಕೇಟ್ ಕೇಳುವ ಮನುಷ್ಯ. ಅಂಥವರು ಈ ಖಾಸಗಿ ಯೂನಿವರ್ಸಿಟಿಯ ಬ್ರೋಶರನ್ನು ಒಂದು ಸಂಜೆ ತಿರುವಿ ಹಾಕಿ, ಅಲ್ಲಿಗಾದರೆ ಸೇರಲಿ ಎಂದುಬಿಟ್ಟರು. ಅಲ್ಲಿಗೆ ಮಾತ್ರ. ಬೇರೆ ಕಡೆಯಾದರೆ ಬೇಡ, ಬಿ.ಎಡ್ಡೇ ಸರಿ. ಬಿ.ಎಡ್. ಸೀಟಿಗೆ ಬುಧವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಯಶುವಿನ ಎರಡು ವರ್ಷ (ಅದರ ಹಿಂದೆ ಬರುವ ಇಡೀ ಬದುಕು ಎಂದೇ ಇಟ್ಟುಕೊಳ್ಳಿ) ಆ ಬುಧವಾರಕ್ಕೆ ಜೋತುಬಿದ್ದಿತ್ತು.

ಮನೆಯವರೆಲ್ಲ ಖುಷಿಯಾಗಿದ್ದರು. ನನಗೊಬ್ಬಳಿಗೆ ಅನುಮಾನ.

ಅನುಮಾನ ನನಗೆ ಹುಟ್ಟುಗುಣ. ಹಾಲಿನ ಪ್ಯಾಕೆಟ್ಟಿನ ಮೇಲೆ ಇವತ್ತಿನ ತಾರೀಖು ಇದ್ದರೂ ಮೂಸಿ ನೋಡಿಯೇ ಒಲೆಯ ಮೇಲಿಡುವವಳು ನಾನು. ಅದರ ಜೊತೆಗೆ ಇಪ್ಪತ್ತೈದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿದ ಅಭ್ಯಾಸ. ಆ ಬ್ರೋಶರ್ ನೋಡಿದರೆ ನನ್ನಂಥವಳಿಗೆ ನಿದ್ದೆ ಬರುತ್ತದೆಯೇ? ಕೋರ್ಸಿನ ಹೆಸರನ್ನು ಒಂದೇ ಉಸಿರಿಗೆ ಓದಲಾಗುವುದಿಲ್ಲ. ಸ್ಟ್ರಾಟೆಜಿಕ್ ಅಂತೆ, ಡಿಜಿಟಲ್ ಅಂತೆ, ಕೊನೆಗೆ ಎಲ್ಲೋ ಕಮ್ಯುನಿಕೇಶನ್. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂದು ದಪ್ಪಗೆ, ಪಕ್ಕದಲ್ಲಿ 'ಅಸಿಸ್ಟೆನ್ಸ್' ಎಂದು ಇರುವೆಯಷ್ಟು ಸಣ್ಣಗೆ. ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿದ ಹುಡುಗಿಯ ಫೋಟೊ ಇದೆ. ಲೆನ್ಸಿಗೆ ಮುಚ್ಚಳ ಹಾಕಿಯೇ ಇದೆ. ಹಾಗೇ ಶೂಟ್ ಮಾಡುತ್ತಿದ್ದಾಳೆ, ಪಾಪ.

ಇದರ ಮೇಲೆ ಅಡ್ಮಿಷನ್ ಆಫೀಸಿನ ಹುಡುಗಿಯ ಫೋನು. ಎರಡೇ ಎರಡು ಸೀಟು ಉಳಿದಿವೆ ಎಂದು ಯಶುವಿಗೆ ಸೋಮವಾರ ಹೇಳಿದಳು. ಮಂಗಳವಾರವೂ ಎರಡೇ. ಗುರುವಾರವೂ ಎರಡೇ. ಈ ಎರಡು ಸೀಟುಗಳನ್ನು ಯಾರೂ ಮುಟ್ಟುತ್ತಿಲ್ಲವೇಕೆ?

ಸರಿ, ವಿಚಾರಿಸಿಯೇ ಬಿಡೋಣ ಎಂದು ಹೊರಟೆ. ನಮ್ಮ ಕಡೆ ವಿಚಾರಿಸುವುದು ಎಂದರೆ ಗೊತ್ತಲ್ಲ? ಹೆಣ್ಣು ಕೊಡುವ ಮುಂಚೆ ಗಂಡಿನ ಊರಿಗೆ ಯಾರಿಗೂ ಹೇಳದೆ ಹೋಗುತ್ತೇವೆ. ಗಂಡಿನ ಮನೆಗೆ ಕಾಲಿಡುವುದಿಲ್ಲ. ಎದುರಿನ ಕಿರಾಣಿ ಅಂಗಡಿ, ಕ್ಷೌರದ ಅಂಗಡಿ, ಬಸ್ ಸ್ಟ್ಯಾಂಡಿನ ಹೋಟೆಲು, ಹೀಗೆ ಸುತ್ತು ಹಾಕಿ, ಹುಡುಗ ಹೇಗೆ ಎಂದು ಕೇಳಿಕೊಂಡು ಬರುತ್ತೇವೆ. ಕುಣಿಗಲ್ಲಿನ ನನ್ನ ತವರಿನಲ್ಲಿ ಈ ಕೆಲಸಕ್ಕೆಂದೇ ಒಬ್ಬ ಸೋದರತ್ತೆ ಇದ್ದರು. ಗಂಡಿಗೆ ವಿಚಾರಣೆ ಇರುವಾಗ ಯೂನಿವರ್ಸಿಟಿಗೆ ಯಾಕಿರಬಾರದು?

ಹಾಗಾಗಿ ಗೇಟಿನೊಳಗೆ ಹೋಗದೆ ಟೀ ಅಂಗಡಿಯಲ್ಲಿ ಕೂತೆ. ಅಂಗಡಿಯಾಕೆ ಐವತ್ತರ ಆಸುಪಾಸು, ಮಾತುಗಾತಿ. ಕಮ್ಯುನಿಕೇಶನ್ ಡಿಪಾರ್ಟ್‌ಮೆಂಟಿನ ಮೇಷ್ಟ್ರು ಗೊತ್ತಾ, ಜನ ಹೇಗೆ ಎಂದೆ. ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಹುಡುಗಿ ಕಡೆಯೋರಾ ಎಂದು ಕೇಳಿದರು. ಹೌದು ಎಂದೆ. ಯಶು ಹುಡುಗಿ, ನಾನು ಅವಳ ಕಡೆಯವಳು. ಸುಳ್ಳೇನಿದೆ?

ಅಲ್ಲಿಂದ ಆಕೆಯ ದನಿಯೇ ಬದಲಾಯಿತು. ಮೇಷ್ಟ್ರು ಅಪ್ಪಟ ಬಂಗಾರವಂತೆ. ಟೀ ಬಿಟ್ಟು ಬೇರೇನೂ ಮುಟ್ಟುವುದಿಲ್ಲವಂತೆ. ಕುಡಿಯುತ್ತಾರಾ ಎಂದು ನಾನು ಕೇಳಿದ್ದು ಆಗಲೇ. ಅದಕ್ಕೆ ಆಕೆ ಕೆನ್ನೆ ಕೆನ್ನೆ ಬಡಿದುಕೊಂಡರು. ತುಮಕೂರಿನಲ್ಲಿ ಸೈಟಿದೆ, ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಒಂದೊಂದೇ ಬಿಚ್ಚಿಟ್ಟರು. ಪಾಠ ಹೇಗೆ ಮಾಡುತ್ತಾರೆ ಎಂದೆ.

"ಸಂಸಾರಕ್ಕೆ ಪಾಠ ಯಾಕಮ್ಮ?" ಎಂದರು ಆಕೆ.

ಆಗ ನನಗೆ ಹೊಳೆಯಿತು. ಅಷ್ಟು ಹೊತ್ತಿಗೆ ಪಕ್ಕದ ಜೆರಾಕ್ಸ್ ಅಂಗಡಿಯವನೂ ಸೆಕ್ಯುರಿಟಿಯವನೂ ಬಂದು ನಿಂತು, ಮೇಷ್ಟ್ರ ಗುಣಗಾನಕ್ಕೆ ದನಿಗೂಡಿಸಿದ್ದರು. ನಮ್ಮ ಕಡೆ ಇದೊಂದು ಕಷ್ಟ. ವಿಚಾರಿಸುವ ಪದ್ಧತಿ ಎಷ್ಟು ಗಟ್ಟಿಯೋ, ಕೂಡಿಬರುವ ಸಂಬಂಧಕ್ಕೆ ಕಲ್ಲು ಹಾಕಬಾರದು ಎನ್ನುವುದೂ ಅಷ್ಟೇ ಗಟ್ಟಿ. ಕೇಳುವವರು ಕೇಳುತ್ತಾರೆ, ಹೇಳುವವರು ಒಳ್ಳೆಯದನ್ನೇ ಹೇಳುತ್ತಾರೆ. ಮದುವೆಯಾದ ಮೇಲೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ.

ತಿದ್ದಿ ಹೇಳುವಷ್ಟರಲ್ಲಿ ಮೇಷ್ಟ್ರೇ ಬಂದರು. ಸೆಕ್ಯುರಿಟಿಯವನು ಸುದ್ದಿ ಮುಟ್ಟಿಸಿದ್ದ. ಮೂವತ್ತೈದರ ಹುಡುಗ, ಇಸ್ತ್ರಿ ಮಾಡಿದ ಶರ್ಟು, ಹಣೆಯ ಕೂದಲನ್ನು ಆಗಷ್ಟೇ ನೀರು ಹಚ್ಚಿ ಬಾಚಿದಂತಿತ್ತು. ಅಮ್ಮ ಎಂದು ಕರೆದು, ಕೂತುಕೊಳ್ಳದೆ ನಿಂತೇ ಮಾತಾಡಿದರು. ಕೆಲಸ ಪರ್ಮನೆಂಟಾ ಎಂದು ಟೀ ಅಂಗಡಿಯಾಕೆಯೇ ನನ್ನ ಪರವಾಗಿ ಕೇಳಿದರು. ಆಗುತ್ತೆ ಎಂದರು ಮೇಷ್ಟ್ರು. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಹೆಮ್ಮೆಯಿಂದಲೇ, "ಇಡೀ ಡಿಪಾರ್ಟ್‌ಮೆಂಟ್ ನಾನೊಬ್ನೇ ನೋಡ್ಕೊಳ್ಳೋದು ಅಮ್ಮ. ಎಲ್ಲಾ ಪೇಪರೂ ನಾನೇ ತಗೊಳ್ಳೋದು" ಎಂದರು.

ಎಲ್ಲಾ ಪೇಪರೂ! ಬ್ರೋಶರಿನಲ್ಲಿ ಒಂದು ಡಜನ್ ಮೇಷ್ಟ್ರುಗಳ ಹೆಸರುಗಳಿದ್ದವು.

ಆ ಹುಡುಗನಿಗೆ ನಿಜ ಹೇಳುವ ಧೈರ್ಯವಾಗಲಿಲ್ಲ. ಮನೆಯಲ್ಲಿ ಮಾತಾಡಿ ಹೇಳುತ್ತೇವೆ ಎಂದು ಎದ್ದು ಬಂದೆ. (ಆತ ಇನ್ನೂ ಕಾಯುತ್ತಿರಬಹುದು. ಒಳ್ಳೆಯ ಹುಡುಗ. ಯಾರಾದರೂ ಇದ್ದರೆ ನೋಡಿ.)

ಭಾನುವಾರ ಯಶು ನಮ್ಮ ಮನೆಗೆ ಬಂದಳು. ನನ್ನ ವಿಚಾರಣೆಯ ಕಥೆ ಕೇಳಿ ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ತಾನೂ ವಿಚಾರಿಸಿ ಬಂದಿದ್ದೇನೆ ಎಂದಳು. ಆ ಕೋರ್ಸಿನ ಮೊದಲ ಬ್ಯಾಚಿನಲ್ಲಿ ಓದಿದವಳೊಬ್ಬಳನ್ನು ಇನ್‌ಸ್ಟಾಗ್ರಾಂನಲ್ಲಿ ಹುಡುಕಿ, ಕುಣಿಗಲ್ಲಿನಲ್ಲಿದ್ದಾಳೆ ಎಂದು ಗೊತ್ತಾಗಿ, ಬಸ್ಸು ಹತ್ತಿ ಹೋಗಿ, ಅವಳ ಮನೆಯಲ್ಲೇ ಎರಡು ಗಂಟೆ ಕೂತು ಬಂದಿದ್ದಳು. ಆ ಹುಡುಗಿ ಈಗ ಮೊಬೈಲ್ ಅಂಗಡಿಯಲ್ಲಿ ಬಿಲ್ ಹಾಕುತ್ತಾಳಂತೆ. ಕ್ಯಾಮೆರಾ ಇನ್ಸ್‌ಪೆಕ್ಷನ್ ದಿನ ಮಾತ್ರ ಹೊರಗೆ ಬರುತ್ತಿತ್ತಂತೆ. ಪಾಠಕ್ಕೆ ಒಬ್ಬರೇ ಮೇಷ್ಟ್ರು, ಪಾಪ ಎಷ್ಟು ಅಂತ ಮಾಡ್ತಾರೆ ಎಂದಳಂತೆ.

ನಾನು ಟೀ ಕುಡಿದು ತಿಳಿದದ್ದನ್ನು ಇವಳು ಕೂತು, ಕೇಳಿ, ಬರೆದುಕೊಂಡು ಬಂದಿದ್ದಳು. ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳೂ ಇದ್ದವು, ಉತ್ತರಗಳೂ ಇದ್ದವು.

ಆಮೇಲೆ ಬ್ಯಾಗಿನಿಂದ ಬ್ರೋಶರ್ ತೆಗೆದಳು. ಎಂಟನೇ ಪುಟ ಬಿಡಿಸಿ ನನ್ನ ಮುಂದಿಟ್ಟಳು.

"ದೊಡ್ಡಮ್ಮ, ನೀವು ಅಲ್ಲಿ ಎಷ್ಟು ಕ್ಲಾಸ್ ತಗೊಂಡಿದೀರ?"

ಓದುಗರೇ, ಒಂದು ವಿಷಯವನ್ನು ನಿಮ್ಮಿಂದಲೂ ಮುಚ್ಚಿಟ್ಟಿದ್ದೆ. ಆ ಎಂಟನೇ ಪುಟದಲ್ಲಿ ನನ್ನ ಫೋಟೊ ಇದೆ. ಶಾಲು, ಮೈಸೂರು ಪೇಟ, ಕೈಯಲ್ಲಿ ಹಣ್ಣಿನ ಬುಟ್ಟಿ. ಕೆಳಗೆ ನನ್ನ ಹೆಸರು, ಅದರ ಕೆಳಗೆ 'ವಿಸಿಟಿಂಗ್ ಪ್ರೊಫೆಸರ್'.

"ಒಂದು" ಎಂದೆ.

"ವಾರಕ್ಕಾ?"

"ಇಲ್ಲ ಕಣೇ. ಒಂದೇ ಒಂದು."

ಕೋರ್ಸಿನ ಉದ್ಘಾಟನೆಗೆ ಕರೆದಿದ್ದರು. ಮುಕ್ಕಾಲು ಗಂಟೆ ಮಾತಾಡಿ, ಊಟ ಮಾಡಿ ಬಂದೆ. ಅದಾದ ಮೇಲೆ ಆ ಗೇಟು ನೋಡಿದ್ದು ಮೊನ್ನೆ ಶುಕ್ರವಾರವೇ. ನನ್ನದೇ ಡಿಪಾರ್ಟ್‌ಮೆಂಟಿನ ಮೇಷ್ಟ್ರಿಗೆ ನನ್ನ ಗುರುತು ಸಿಗದಿದ್ದುದು ಇದಕ್ಕೇ. ಬ್ರೋಶರಿನಲ್ಲಿ ಹಾಗೆ ಹಾಕಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡು ವರ್ಷದ ಹಿಂದೆಯೇ ಯಾರೋ ವಾಟ್ಸಾಪಿನಲ್ಲಿ ಕಳಿಸಿ ಕಂಗ್ರಾಟ್ಸ್ ಹೇಳಿದ್ದರು. ಕೈಮುಗಿಯುವ ಇಮೋಜಿ ಹಾಕಿ ಸುಮ್ಮನಾದೆ. ಪ್ರೊಫೆಸರ್ ಎಂದು ಓದಿಕೊಳ್ಳಲು ಚೆನ್ನಾಗಿತ್ತು. ಪಿಎಚ್.ಡಿ. ಮಾಡಲಾಗಲಿಲ್ಲ ಎಂಬ ಹಳೆಯ ಹೊಟ್ಟೆಯುರಿ ನನ್ನದು, ಅದಕ್ಕೆ ಸ್ವಲ್ಪ ತಂಪಾಯಿತು. ಯಾರಿಗೆ ಏನು ನಷ್ಟ ಎಂದುಕೊಂಡೆ.

ಈಗ ಹೇಳಿ, ಆ ಬ್ರೋಶರಿನ ಮೇಲೆ ನನಗೆ ಅಷ್ಟೊಂದು ಅನುಮಾನ ಯಾಕೆ ಬಂತು? ಅದರಲ್ಲಿ ಒಂದು ಸುಳ್ಳಂತೂ ಇದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಉಳಿದದ್ದೆಲ್ಲ ನಿಜವಾಗಿದ್ದರೆ ನನ್ನ ಒಂದು ಸುಳ್ಳು ಹಾಗೇ ಮುಚ್ಚಿಹೋಗುತ್ತದೆ ಎಂಬ ಆಸೆಯಿಂದಲೇ ಟೀ ಅಂಗಡಿಗೆ ಹೋಗಿದ್ದೆ. ಯಶುವಿನ ಮುಂದೆ ಕೂತಿದ್ದಾಗ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷದ ಹುಡುಗಿಯ ಕಣ್ಣು ತಪ್ಪಿಸಿ ಗೋಡೆ ನೋಡಿದೆ.

ಅವಳು ಬೈಯಲಿಲ್ಲ. ಅಪ್ಪನಿಗೆ ಹೇಳಬೇಕಲ್ಲ ಎಂದಳು ಅಷ್ಟೇ. ಹೇಳಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಕಮ್ಯುನಿಕೇಶನ್ ಕಥೆ ಅಲ್ಲಿಗೆ ಮುಗಿಯಿತು, ಬಿ.ಎಡ್. ಶುರು. ಹೇಳದಿದ್ದರೆ ಮುಚ್ಚಳ ಹಾಕಿದ ಕ್ಯಾಮೆರಾದ ಜೊತೆ ಎರಡು ವರ್ಷ.

ಫೋನು ನಾನೇ ಮಾಡಿದೆ. ಸ್ಪೀಕರಿನಲ್ಲಿ ಹಾಕಿ, ಎಲ್ಲವನ್ನೂ ಹೇಳಿದೆ. ರೇಣುಕಪ್ಪ ತೋಟದಲ್ಲಿದ್ದರೆಂದು ಕಾಣುತ್ತದೆ, ಮೋಟರಿನ ಸದ್ದು ಕೇಳುತ್ತಿತ್ತು.

"ಅಕ್ಕ, ನಾನು ಆ ಪುಸ್ತಕದಾಗೆ ಬೇರೆ ಯಾವ ಪೇಜೂ ಓದಿಲ್ಲ. ನಿಮ್ಮ ಫೋಟೊ ನೋಡ್ದೆ, ಮಡಚಿಟ್ಟೆ" ಎಂದರು.

ಬೋಲ್ಟಿಗೂ ಸರ್ಟಿಫಿಕೇಟ್ ಕೇಳುವ ಮನುಷ್ಯನಿಗೆ ಈ ಸಲ ಸರ್ಟಿಫಿಕೇಟ್ ನಾನೇ ಆಗಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕ್ಷಮಿಸಿ ಎಂದೆ. ಅದಕ್ಕವರು, ಇಷ್ಟು ವರ್ಷ ಪೇಪರಿನಲ್ಲಿದ್ದು ನೀವೇ ಹಿಂಗೆ ಅಂದ್ಮೇಲೆ ಆ ಓದು ಇವಳಿಗೆ ಯಾಕೆ, ಬಿ.ಎಡ್ಡೇ ಆಗ್ಲಿ ಬುಡಿ ಎಂದರು.

ಯಶು ಫೋನು ಕಿತ್ತುಕೊಂಡಳು.

"ಅಪ್ಪ, ದೊಡ್ಡಮ್ಮನ ಫೋಟೊ ಕೆಳಗಿರೋದು ಸುಳ್ಳು ಅಂತ ಕಂಡುಹಿಡಿದಿದ್ದು ಯಾರು? ನಾನೇ ತಾನೆ? ನಾನು ಓದ್ತೀನಿ ಅಂತಿರೋದು ಇದನ್ನೇ."

ಮೋಟರಿನ ಸದ್ದು ನಿಂತಿತು. ರೇಣುಕಪ್ಪ, ಯಾವ ಕಾಲೇಜು, ಎಲ್ಲಿದೆ, ಕೊನೆ ತಾರೀಖು ಯಾವಾಗ ಎಂದು ಕೇಳಿದರು. ತುಮಕೂರಿನಲ್ಲೇ, ಸರ್ಕಾರಿ ಯೂನಿವರ್ಸಿಟಿ, ಮಂಗಳವಾರ ಎಂದು ಯಶು ಹೇಳಿದಳು. ಅದರ ಅರ್ಜಿಯನ್ನು ಅವಳು ಆಗಲೇ ತುಂಬಿ ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದಳು.

ಸೋಮವಾರ ರೇಣುಕಪ್ಪ ರಜೆ ಹಾಕಿ ಮಗಳ ಜೊತೆ ಹೋದರಂತೆ. ಬ್ರೋಶರ್ ಕೊಡಿ ಎಂದರೆ ಅಲ್ಲಿ ಬ್ರೋಶರ್ರೇ ಇಲ್ಲವಂತೆ, ನೋಟಿಸ್ ಬೋರ್ಡ್ ತೋರಿಸಿದರಂತೆ. ಇವರು ಟೈಮ್‌ಟೇಬಲ್ ಕೇಳಿ, ಅದರಲ್ಲಿರುವ ಮೇಷ್ಟ್ರುಗಳನ್ನು ಒಬ್ಬೊಬ್ಬರಾಗಿ ತೋರಿಸಿ ಎಂದು ಕೂತುಬಿಟ್ಟರಂತೆ. ಒಬ್ಬರು ರಜೆಯಲ್ಲಿದ್ದರು, ಮಿಕ್ಕವರನ್ನೆಲ್ಲ ಕಣ್ಣಾರೆ ನೋಡಿ, ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಆಮೇಲೆ ಅರ್ಜಿ ಕೊಡಲು ಬಿಟ್ಟರಂತೆ. ಇದೆಲ್ಲ ಯಶು ಫೋನಿನಲ್ಲಿ ಹೇಳಿದ್ದು. ನಮ್ಮ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ರೇಣುಕಪ್ಪ ಬರಲಿಲ್ಲ. ನನ್ನನ್ನು ಕರೆಯಲೂ ಇಲ್ಲ. ಬೇಜಾರಾಯಿತು, ಆದರೆ ಯಾವ ಮುಖ ಇಟ್ಟುಕೊಂಡು ಕೇಳಲಿ?

ಬುಧವಾರ ಬಿ.ಎಡ್. ಸೀಟು ಬೇಡ ಎಂದು ಹೇಳಿ ಕಳಿಸಿದರು. ಈ ಕಡೆ ಎಂ.ಎ. ಸೀಟಿನ ಲಿಸ್ಟ್ ಇನ್ನೂ ಬಂದಿಲ್ಲ. ಅದು ಬರುವವರೆಗೆ ನನಗಂತೂ ಊಟ ಸೇರುವುದಿಲ್ಲ.

ನಿನ್ನೆ ಆ ಖಾಸಗಿ ಯೂನಿವರ್ಸಿಟಿಗೆ ಫೋನು ಮಾಡಿ, ಬ್ರೋಶರಿನಿಂದ ನನ್ನ ಫೋಟೊ ತೆಗೆದುಹಾಕಿ ಎಂದೆ. ಎತ್ತಿದ್ದು ಅದೇ ಅಡ್ಮಿಷನ್ ಆಫೀಸಿನ ಹುಡುಗಿ, ಸಿಹಿ ದನಿ. ಈ ವರ್ಷದ ಬ್ರೋಶರ್ ಪ್ರಿಂಟಾಗಿ ಗುಬ್ಬಿ, ಕುಣಿಗಲ್, ಕೋರ ಎಲ್ಲಾ ಕಡೆ ಹಂಚಿ ಆಗಿದೆಯಂತೆ. ನೆಕ್ಸ್ಟ್ ಇಯರ್ ನೋಡೋಣ ಮ್ಯಾಮ್ ಎಂದಳು. ಆಮೇಲೆ, ನಿಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರು ಯಾರಾದರೂ ಇದ್ದಾರಾ, ಎರಡೇ ಸೀಟು ಉಳಿದಿವೆ ಎಂದಳು.

ನಿಮ್ಮ ಮನೆಗೂ ಒಂದು ಬ್ರೋಶರ್ ಬಂದಿದ್ದರೆ ಎಂಟನೇ ಪುಟ ತೆಗೆದು ನೋಡಿ: ಶಾಲು ಹೊದ್ದು ನಗುತ್ತಿರುವ ಆ ಹೆಂಗಸನ್ನು ನಂಬಿ ಮಗಳನ್ನು ಕಳಿಸಬೇಡಿ.